ಅಂಗಳದಲ್ಲಿ ದಸರಾ ಗೊಂಬೆ ಕೂರಿಸೋದು: ಯಾವುದು ಹೊರಗೆ, ಯಾವುದು ಒಳಗೆ?

ಒಂಟಿಕೊಪ್ಪಲ್ ನಿವಾಸಿ:
ಮೈಸೂರಿನ ಹಳೇ ಬಡಾವಣೆಗಳಲ್ಲಿ ಬೀದಿಗೊಬ್ಬರು ಇರ್ತಿದ್ದರಲ್ಲ, ಗೊಂಬೆಗಳನ್ನ ನಡುಮನೆ ಬಿಟ್ಟು ಜಗಲಿಯಿಂದ ಗೇಟಿನ ತನಕ ಹರಡಿ, ಕನ್ನಂಬಾಡಿ ಕಟ್ಟೆ, ಕಾರಂಜಿ, ಮೃಗಾಲಯ ಎಲ್ಲ ಇರೋ ಪುಟ್ಟ ಪಾರ್ಕೇ ಕಟ್ಟೋರು. ದೊಡ್ಡೋರು ತಿಕ್ಕಲು ಅಂತಿದ್ರು, ಮಕ್ಕಳು ಮೊದಲು ಓಡ್ತಿದ್ದದ್ದು ಅಲ್ಲಿಗೇ. ಈ ಸಲ ಅಂಥದ್ದೊಂದು ಮಾಡೋ ಯೋಚನೆ. 12 ಅಡಿ ಜಗಲಿ, ಮುಂದೆ ಸಣ್ಣ ಅಂಗಳ. ಪಟ್ಟದ ಗೊಂಬೆ, ಮಣ್ಣಿನವು, ಚನ್ನಪಟ್ಟಣದವು ಇವೆ. ಮಳೆ ಬಂದ್ರೆ? ಕಾರಂಜಿಗೆ ಮೋಟರ್ ಬೇಕೇ?

ಮಣ್ಣಿನ ಬೊಂಬೆ:
ಪಟ್ಟದ ರಾಜ–ರಾಣಿ, ಕಲಶ ಒಳಗೇ ಇರಲಿ, ಅದರಲ್ಲಿ ಮಾತಿಲ್ಲ. ಉಳಿದದ್ದಕ್ಕೆ ಒಂದು ಪರೀಕ್ಷೆ: ಗೊಂಬೆ ಮಗುಚಿ, ಒದ್ದೆ ಬೆರಳಿಂದ ತಳ ಉಜ್ಜಿ. ಬೆರಳಿಗೆ ಕೆಸರು ಹತ್ತಿದರೆ ಹಸಿ ಮಣ್ಣು, ಸುಟ್ಟಿಲ್ಲ. ತಳ ಬೆಳ್ಳಗೆ ಪುಡಿಪುಡಿ ಆದರೆ ಪ್ಲಾಸ್ಟರ್. ಇವೆರಡೂ ಹೊರಗೆ ಬೇಡ. ಹಸ್ತಾ, ಚಿತ್ತಾ ಮಳೆ ಬೀಳದಿದ್ದರೂ ಬೆಳಗಿನ ಇಬ್ಬನಿಗೇ ಡಿಸ್ಟೆಂಪರ್ ಬಣ್ಣ ಕೈಗೆ ಬರುತ್ತೆ. ತಳ ಕೆಂಪಗಿದ್ದು, ಉಗುರಲ್ಲಿ ಬಡಿದರೆ ಟಣ್ ಅನ್ನೋದು ಸುಟ್ಟದ್ದು, ಜಗಲಿಗೆ ಸರಿ. ಚನ್ನಪಟ್ಟಣದವಕ್ಕೆ ಮಧ್ಯಾಹ್ನದ ಬಿಸಿಲು ಆಗಲ್ಲ, ಅರಗು ಮೆತ್ತಗಾಗಿ ಧೂಳು ಕಚ್ಚಿಕೊಳ್ಳುತ್ತೆ. ರಾತ್ರಿ ಎಲ್ಲದರ ಮೇಲೆ ಪ್ಲಾಸ್ಟಿಕ್ ಶೀಟ್ ಹೊದಿಸಿಬಿಡಿ.

ಮಂಡ್ಯದಿಂದ:
ಪ್ಲಾಸ್ಟಿಕ್ ಮಾತ್ರ ಬೇಡ ಸಾರ್! ಒಳಗೆ ಬೆವರಿ ತೊಟ್ಟಿಕ್ಕಿ, ಮಳೆಗಿಂತ ಹೆಚ್ಚು ಹಾಳು ಮಾಡುತ್ತೆ. ಗೊಂಬೆ ಮೇಲೆ ಹಳೇ ಕಾಟನ್ ಸೀರೆ ಸಾಕು. ಟಾರ್ಪಾಲನ್ನ ಮೇಲೆ ಎತ್ತರದಲ್ಲಿ ಕಟ್ಟಿ, ಇಳಿಜಾರು ಪಕ್ಕಕ್ಕೆ ಕೊಡಿ. ಮುಂದಕ್ಕೆ ಕೊಟ್ಟರೆ ನೀರೆಲ್ಲ ಪಾರ್ಕಿನ ಮೇಲೇ ಬೀಳೋದು. ಮೆಟ್ಟಿಲು ಬೆಸಸಂಖ್ಯೆಯಲ್ಲಿರಲಿ, ಜಗಲಿಗೆ 5 ಧಾರಾಳ. ಪ್ರತಿ ಮೆಟ್ಟಿಲು 10 ಇಂಚು ಅಗಲ, 8 ಇಂಚು ಎತ್ತರ. ಪಂಚೆ ಹಾಸಿ ಪಿನ್ ಹಾಕಿ, ಇಲ್ಲಾಂದ್ರೆ ಗಾಳಿಗೆ ಬಟ್ಟೆ ಎದ್ದು ಮುಂದಿನ ಸಾಲು ಉರುಳುತ್ತೆ.

ಪಾರ್ಕ್ ಪ್ರೇಮಿ:
ಮೋಟರ್ ಬೇಡವೇ ಬೇಡ. ಮೆಡಿಕಲ್ ಶಾಪಿನ ಹೊಸ ಡ್ರಿಪ್ ಸೆಟ್ ತನ್ನಿ. ನಡುವಿನ ಬುರುಡೆ ಹರಿವು ತಡೆಯುತ್ತೆ, ಕತ್ತರಿಸಿ ತೆಗೀರಿ; ಬರೀ ಟ್ಯೂಬು, ಉರುಳೋ ಕ್ಲಾಂಪು ಸಾಕು. ನೀರಿನ ಬಕೆಟ್ಟು 4–5 ಅಡಿ ಮೇಲೆ, ಟ್ಯೂಬಿನ ಒಂದು ತುದಿ ಅದರೊಳಗೆ. ಇನ್ನೊಂದು ತುದಿಗೆ ಪೆನ್ನಿನ ರೀಫಿಲ್ಲಿನ ಖಾಲಿ ಕೊಳವೆ ತುಂಡು. ನೀರು ಬಕೆಟ್ಟಿನ ಮಟ್ಟಕ್ಕೆ ಯಾವತ್ತೂ ಏರಲ್ಲ, ಒಂದಡಿ ಚಿಮ್ಮಿದರೂ ಬೃಂದಾವನವೇ. ನಿಂತುಹೋದರೆ ಟ್ಯೂಬಲ್ಲಿ ಗಾಳಿಗುಳ್ಳೆ ಸಿಕ್ಕಿರುತ್ತೆ, ತುದಿ ಕೆಳಗಿಳಿಸಿ ಹರಿಯಬಿಡಿ. ಬಕೆಟ್ಟಿಗೆ ಬಟ್ಟೆ ಕಟ್ಟಿ, ಒಂದು ಎಲೆಚೂರು ಬಿದ್ದರೆ ಮುಗೀತು.

ಪಾರ್ಕಿನ ಹಸಿರಿಗೆ ತಟ್ಟೇಲಿ ರಾಗಿ ಬೆಳೆಸಿ. ರಾತ್ರಿ ನೆನೆಸಿ, ಮರುದಿನ ಬಟ್ಟೇಲಿ ಕಟ್ಟಿಟ್ಟು, ಮೊಳಕೆ ಬಿಳಿ ಚುಕ್ಕೆಯಷ್ಟು ಕಂಡ ಕೂಡಲೇ 2 ಇಂಚು ಜರಡಿ ಹಿಡಿದ ಕೆಮ್ಮಣ್ಣಿನ ಮೇಲೆ ಚೆಲ್ಲಿ, ತೆಳ್ಳಗೆ ಮರಳು ಉದುರಿಸಿ. ಮಹಾಲಯ ಅಮಾವಾಸ್ಯೆಗೆ ವಾರ ಮೊದಲೇ ಹಾಕಿ. ತಟ್ಟೆಗೆ ತೂತಿಲ್ಲದಿದ್ದರೆ ಬುಡ ಕೊಳೆತು ಮಲಗುತ್ತೆ. ಕತ್ತಲಲ್ಲಿಟ್ಟರೆ ಹಳದಿ. ಅವಸರ ಇದ್ದರೆ ಸಾಸಿವೆ.

ಮಣ್ಣಿನ ಬೊಂಬೆ:
ಸೀರೆ ವಿಷಯ ಒಪ್ಪಿದೆ. ಇನ್ನೊಂದು: ಸೀರಿಯಲ್ ಸೆಟ್ಟಿನ ಜೋಡಣೆಗಳು ಕಾರಂಜಿಯಿಂದ ದೂರ, ನೆಲಕ್ಕಿಂತ ಮೇಲಿರಲಿ. ಬೊಂಬೆ ಬಾಗಿನ ಮಕ್ಕಳಿಗೆ ಗೇಟಲ್ಲೇ, ಹೊರಡುವಾಗ ಕೊಡಿ. ಚಕ್ಕುಲಿ ಎಣ್ಣೆ ಕೈಯಿಂದ ಮುಟ್ಟಿದ ಗೊಂಬೆಯನ್ನ ಒರೆಸೋಕೆ ಹೋದರೆ ಕಲೆ ಜೊತೆ ಮೂಗೂ ಅಳಿಸುತ್ತೆ.