ಮಕ್ಕಳಿಗೆ ಪದ್ಯದ ಪುಸ್ತಕ: ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಇಬ್ಬರು ಮಕ್ಕಳ ತಾಯಿ, ಗಂಗಾವತಿ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ 6 ವರ್ಷ, ಮಗಳು 9ನೇ ತರಗತಿಯಲ್ಲಿದ್ದಾಳೆ. ಅವಳಿಗೆ ಪದ್ಯವೆಂದರೆ ಕಂಠಪಾಠ ಮತ್ತು ಸಾರಾಂಶ. ಪರೀಕ್ಷೆ ಮುಗಿದ ಮರುದಿನ ಒಂದು ಸಾಲೂ ನೆನಪಿರುವುದಿಲ್ಲ. ಮಗನಾದರೋ ಶಿಶುಗೀತೆಗಳ ಪುಸ್ತಕದಲ್ಲಿ ಚಿತ್ರಗಳನ್ನಷ್ಟೇ ನೋಡಿ ಮಡಚಿಡುತ್ತಾನೆ. ಪಠ್ಯಪುಸ್ತಕದ ವಾಸನೆಯಿಲ್ಲದ ಪದ್ಯಗಳು ಯಾವುವು, ಅವನ್ನು ಮನೆಯಲ್ಲಿ ಹೇಗೆ ಓದಿಸಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ನಿವೃತ್ತ ಶಿಕ್ಷಕ, ಕೊಪ್ಪಳ

ತಂಗೀ, ಪುಸ್ತಕವನ್ನು ಮಗನ ಕೈಗೆ ಕೊಡುವ ಮೊದಲು ನಾಲ್ಕು ದಿನ ನೀವೇ ಗಟ್ಟಿಯಾಗಿ ಓದಿರಿ. ಶಿಶುಗೀತೆಗೆ ಕಣ್ಣಿಗಿಂತ ಕಿವಿಯೇ ಬಾಗಿಲು. ನಮ್ಮ ಜಿಲ್ಲೆಯ ದ್ಯಾಂಪುರದಲ್ಲಿ 1918ರಲ್ಲಿ ಹುಟ್ಟಿ ‘ಕಾವ್ಯಾನಂದ’ ಎಂಬ ಹೆಸರಿನಿಂದ ಬರೆದ ಸಿದ್ಧಯ್ಯ ಪುರಾಣಿಕರ ‘ತುಪ್ಪಾ ರೊಟ್ಟಿ ಗೇ ಗೇ ಗೇ’ ಸಿಕ್ಕರೆ ಅದರಿಂದಲೇ ಆರಂಭಿಸಿ. ರೊಟ್ಟಿ ಬಡಿಯುವ ಸದ್ದು ಕೇಳುತ್ತ ಬೆಳೆದ ಹುಡುಗನಿಗೆ ಆ ಹೆಸರೇ ಅರ್ಧ ಪದ್ಯ.

ಮಗಳಿಗೆ ಆಯ್ದಕ್ಕಿ ಲಕ್ಕಮ್ಮನ ವಚನ ಕೊಡಿ. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದರೆಂದು ಹೇಳಲಾಗುವ ಈ ದಂಪತಿಗಳಲ್ಲಿ, ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ‘ಈಸಕ್ಕಿಯಾಸೆ ನಿಮಗೇಕೆ?’ ಎಂದು ಕೇಳಿ ಹೆಚ್ಚಿನದನ್ನು ಹಿಂದಕ್ಕೆ ಕಳುಹಿಸಿದವಳು ಆಕೆ. ಸಾರಾಂಶ ಕೇಳಬೇಡಿ. ಆ ಸಾಲನ್ನು ಗದರಿಸುವ ದನಿಯಲ್ಲಿ ಓದಬೇಕೋ, ನಗುತ್ತ ಓದಬೇಕೋ ಎಂದಷ್ಟೇ ಕೇಳಿ. ದನಿಯನ್ನು ಆರಿಸಿಕೊಳ್ಳುವ ಹೊತ್ತಿಗೆ ಅರ್ಥವನ್ನು ಅವಳೇ ಹುಡುಕಿಕೊಂಡಿರುತ್ತಾಳೆ.

ಉತ್ತರ: ಓದುಗ, ಸಿಂಧನೂರು

ಗುರುಗಳ ಮಾತಿಗೆ ಗೌರವವಿದ್ದರೂ ನನಗೊಂದು ಅನುಮಾನವಿದೆ. ಶಾಲೆಯ ಗೋಡೆಗಳ ಮೇಲೂ ಜಯಂತಿಯ ಭಾಷಣಗಳಲ್ಲೂ ವಚನಗಳನ್ನು ಕೇಳಿ ಕೇಳಿ ದಣಿದಿರುವ ಮಕ್ಕಳಿಗೆ ಅದು ಮತ್ತೊಂದು ಉಪದೇಶವಾಗಿ ಕಾಣಬಹುದು. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಅಕ್ಕ ಓದಲಿ, ತಮ್ಮ ಕೇಳಲಿ; ಇಲಿಗಳಿಗೆಲ್ಲ ಅಣ್ಣ, ತಮ್ಮ, ಮಾವ, ಭಾವ ಎಂದು ಬಂಧುತ್ವ ಕಟ್ಟುವ ಭಾಗ ಬಂದಾಗ ಅವನು ಸುಮ್ಮನೆ ಕೂರಲಾರ. ಇದು ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಪದ್ಯವನ್ನು ಆಧರಿಸಿದ್ದು. ಅಲ್ಲಿ ಜರ್ಮನಿಯ ವೇಸರ್ ನದಿಯ ದಡದಲ್ಲಿದ್ದ ಊರನ್ನು ಕುವೆಂಪು ತುಂಗೆಯ ದಡಕ್ಕೆ ತಂದು ನಿಲ್ಲಿಸಿದರು. ಆ ತುಂಗೆಯೇ ಮುಂದೆ ಭದ್ರೆಯೊಡನೆ ಕೂಡಿ ನಿಮ್ಮ ಗಂಗಾವತಿಯ ಸೀಮೆಗೆ ಬರುತ್ತಾಳೆ. ಮಗಳಿಗೆ ಇಂಗ್ಲಿಷ್ ಓದು ಬರುವುದಾದರೆ ಎರಡನ್ನೂ ಪಕ್ಕದಲ್ಲಿಟ್ಟು, ಕನ್ನಡಕ್ಕೆ ಬರುವಾಗ ಏನೇನು ಬದಲಾಯಿತೆಂದು ಹುಡುಕಲು ಹೇಳಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ವಚನವನ್ನು ನಿನ್ನೆ ರಾತ್ರಿಯೇ ಓದಿದೆವು. ಲಕ್ಕಮ್ಮ ಗದರಿಸುತ್ತಿದ್ದಾಳೆಂದು ಮಗಳು ಹೇಳಿದರೆ, ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದ ನಮ್ಮ ಅತ್ತೆಯವರು ‘ಇಲ್ಲ, ಆಕೆಗೆ ಹೆದರಿಕೆಯಾಗಿದೆ’ ಎಂದರು. ಊಟ ಆರಿದರೂ ವಾದ ಮುಗಿಯಲಿಲ್ಲ. ಪುರಾಣಿಕರ ಪುಸ್ತಕ ಇಲ್ಲಿನ ಅಂಗಡಿಗಳಲ್ಲಿ ಸಿಗಲಿಲ್ಲ. ಕೊಪ್ಪಳದಲ್ಲಿ ಯಾರ ಬಳಿಯಾದರೂ ಹಳೆಯ ಪ್ರತಿ ಇದ್ದರೆ, ನಕಲು ಮಾಡಿಕೊಂಡು ಹಿಂದಿರುಗಿಸುತ್ತೇನೆ.