ಸಹಾಯ ಬೇಕು: ಕೆರೆ ತೊಣ್ಣೂರಿನಿಂದ ಮೇಲುಕೋಟೆಗೆ ಸೈಕಲ್ಲಿಗೆ ಮಣ್ಣಿನ ದಾರಿ ಇದೆಯೇ?

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಶ್ರೀರಂಗಪಟ್ಟಣದಿಂದ ಪಾಂಡವಪುರ, ಕೆರೆ ತೊಣ್ಣೂರು ಮಾರ್ಗವಾಗಿ ಮೇಲುಕೋಟೆಗೆ, ಆದಷ್ಟು ಡಾಂಬರು ರಸ್ತೆಯನ್ನು ತಪ್ಪಿಸಿ, 40 ಮಿ.ಮೀ. ಅಗಲದ ಟೈರಿನ ಗ್ರಾವೆಲ್ ಸೈಕಲ್ಲಿನಲ್ಲಿ (ಮಣ್ಣು, ಜಲ್ಲಿ ದಾರಿಗೂ ಒಗ್ಗುವ ಸೈಕಲ್) ಹೋಗಬೇಕೆಂದಿದ್ದೇನೆ. ಗದ್ದೆ, ಕಬ್ಬು, ತೆಂಗಿನ ತೋಟಗಳ ನಡುವೆ ನಿಧಾನವಾಗಿ ಏರಿಳಿಯುವ ಈ ಸೀಮೆ ಇಂಥ ಸವಾರಿಗೆ ಹೇಳಿ ಮಾಡಿಸಿದಂತಿದೆ.

ತೊಣ್ಣೂರು ಕೆರೆಯವರೆಗೆ ನಾಲೆ ಏರಿ ಮತ್ತು ಹಳ್ಳಿ ರಸ್ತೆಗಳನ್ನು ಜೋಡಿಸಿಕೊಂಡಿದ್ದೇನೆ. ತೊಡಕು ಅಲ್ಲಿಂದ ಮುಂದೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಕಾಣುವ ಬಂಡಿದಾರಿಗಳು ಉಪಗ್ರಹ ಚಿತ್ರದಲ್ಲಿ ಹೊಲದ ಬದುಗಳಲ್ಲಿ ಕರಗಿಹೋಗುತ್ತವೆ. ಸವಾರರು ಹೆಚ್ಚು ಓಡಾಡಿದ ದಾರಿಗಳನ್ನು ತೋರಿಸುವ ಸ್ಟ್ರಾವಾ ಆ್ಯಪಿನ ಹೀಟ್‌ಮ್ಯಾಪ್ ನೋಡಿದರೆ ಸವಾರರೆಲ್ಲ ಜಕ್ಕನಹಳ್ಳಿ ಕಡೆಯ ಡಾಂಬರು ರಸ್ತೆಯನ್ನೇ ಹಿಡಿದಿದ್ದಾರೆ. ಕಳೆದ ಭಾನುವಾರ ಖುದ್ದಾಗಿ ಹೋಗಿ ನೋಡಿದೆ. ಒಂದು ದಾರಿ ತೋಟದ ಮುಳ್ಳುಬೇಲಿಗೆ ಮುಗಿಯಿತು, ಇನ್ನೊಂದರಲ್ಲಿ ಜಾಲಿಮುಳ್ಳು ಹೊಕ್ಕು ಟ್ಯೂಬ್‌ಲೆಸ್ ಟೈರಿನ ಸೀಲೆಂಟ್ (ತೂತು ಮುಚ್ಚುವ ದ್ರವ) ಕೂಡ ಕೈಕೊಟ್ಟಿತು. ದಾರಿ ಕೇಳಿದಾಗ ಊರಿನ ಹಿರಿಯರೊಬ್ಬರು, "ಟಾರು ರಸ್ತೆ ಇರುವಾಗ ಇದ್ಯಾಕಪ್ಪ ನಿಂಗೆ?" ಎಂದು ನಕ್ಕರು, ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಆದ್ದರಿಂದ ಆ ಭಾಗದವರಲ್ಲಿ ಅಥವಾ ಅಲ್ಲಿ ಸವಾರಿ ಮಾಡಿದವರಲ್ಲಿ ನನ್ನ ಪ್ರಶ್ನೆ ಇಷ್ಟೇ: ತೊಣ್ಣೂರು ಕೆರೆಯಿಂದ ಮೇಲುಕೋಟೆ ಬೆಟ್ಟದ ಬುಡದವರೆಗೆ, ಖಾಸಗಿ ಜಮೀನು ದಾಟದೆ, ಸೈಕಲ್ ಹೊತ್ತು ನಡೆಯದೆ ಸಾಗಬಹುದಾದ ಮಣ್ಣಿನ ಅಥವಾ ಜಲ್ಲಿ ದಾರಿ ಇದೆಯೇ, ಇದ್ದರೆ ಯಾವ ಹಳ್ಳಿಗಳ ಮೇಲೆ ಹೋಗಬೇಕು?