ಹೂವಿನ ಚಂದ್ರ: ಮೀಡಿಯಂ ಬಳಿದ ಮೇಲೆ ಗುಲಾಬಿ ಎಸಳು ನೀಲಿಗಟ್ಟಿದೆ, ಆಕಾಶಕ್ಕೆ ಮುಸುಕು ಬಂದಿದೆ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. 300 ಜಿಎಸ್‌ಎಂ ತೂಕದ ದಪ್ಪನೆಯ ಜಲವರ್ಣ ಕಾಗದದ ಮೇಲೆ ಅಂಗೈಯಗಲದ ಮಿಶ್ರ ಮಾಧ್ಯಮ ಚಿತ್ರವೊಂದನ್ನು ಮಾಡುತ್ತಿದ್ದೇನೆ. ಕಡುನೀಲಿ ಅಕ್ರಿಲಿಕ್ ಆಕಾಶದಲ್ಲಿ, ಪುಸ್ತಕದೊಳಗೆ ಒತ್ತಿ ಒಣಗಿಸಿದ ಎಸಳುಗಳಿಂದಲೇ ಹುಣ್ಣಿಮೆಯ ಚಂದ್ರನನ್ನು ರೂಪಿಸಿದ್ದೇನೆ. ನಡುವೆ ಚೆಂಡುಹೂವಿನ ಹಳದಿ, ಸುತ್ತ ಕೆಂಪು ಗುಲಾಬಿ. ಅಂಟಿಸಲು ಮತ್ತು ಮೇಲೆ ಬಳಿಯಲು ಎರಡಕ್ಕೂ ಅಕ್ರಿಲಿಕ್ ಮ್ಯಾಟ್ ಮೀಡಿಯಂ (ಒಣಗಿದ ಮೇಲೆ ಹೊಳೆಯದ, ಬಣ್ಣವಿಲ್ಲದ ಅಕ್ರಿಲಿಕ್ ಲೇಪ) ಬಳಸಿದೆ. ನೋಡನೋಡುತ್ತಿದ್ದಂತೆ ಗುಲಾಬಿ ಎಸಳುಗಳು ಅಂಚಿನಿಂದ ಒಳಕ್ಕೆ ನೇರಳೆಗೆ ತಿರುಗಿದವು, ಮರುದಿನ ಬೂದಿ ಬೆರೆತ ನೀಲಿಯಾದವು. ಚೆಂಡುಹೂವಿನ ಬಣ್ಣ ಮಾತ್ರ ಕದಲಲಿಲ್ಲ. ಮೂರು ಪದರ ಬಿದ್ದ ಕಡೆ ಆಕಾಶದ ಮೇಲೂ ಹಾಲು ಬಳಿದಂತಹ ಮುಸುಕಿದೆ. ಎಸಳುಗಳನ್ನು ಕಿತ್ತು ಹೊಸದಾಗಿ ಮಾಡಲು ಮನಸ್ಸು ಒಪ್ಪುತ್ತಿಲ್ಲ. ಎಲ್ಲಿ ತಪ್ಪಿದೆ?

ಉತ್ತರ:
ಹಳದಿ ಉಳಿದು ಕೆಂಪು ಮಾತ್ರ ಕೆಟ್ಟಿತೆಂದು ನೀವು ಬರೆದಿರುವುದರಲ್ಲೇ ಕಾರಣ ಸಿಗುತ್ತದೆ. ಗುಲಾಬಿಯ ಕೆಂಪು ಆಂಥೋಸಯನಿನ್ ಎಂಬ ವರ್ಣದ್ರವ್ಯದ್ದು. ಅದು ಆಮ್ಲದಲ್ಲಿ ಕೆಂಪಾಗಿಯೂ ಕ್ಷಾರದಲ್ಲಿ ನೀಲಿ ಅಥವಾ ಹಸಿರು ಛಾಯೆಯಾಗಿಯೂ ಕಾಣುತ್ತದೆ. ಅಕ್ರಿಲಿಕ್ ಮೀಡಿಯಂಗಳು ಸಾಮಾನ್ಯವಾಗಿ ಸ್ವಲ್ಪ ಕ್ಷಾರೀಯವಾಗಿರುತ್ತವೆ, ಜೊತೆಗೆ ಅವುಗಳಲ್ಲಿರುವ ನೀರು ಒಣಗಿದ ಎಸಳನ್ನು ಮತ್ತೆ ನೆನೆಸುತ್ತದೆ. ಚೆಂಡುಹೂವಿನ ಹಳದಿ ಬೇರೆ ಬಗೆಯ ವರ್ಣದ್ರವ್ಯಗಳಾದ ಕ್ಯಾರೊಟಿನಾಯ್ಡ್‌ಗಳದ್ದಾದ್ದರಿಂದ ಅದಕ್ಕೆ ಈ ತೊಂದರೆಯಿಲ್ಲ. ಖಚಿತಪಡಿಸಿಕೊಳ್ಳಲು, ಉಳಿದಿರುವ ಒಂದು ಗುಲಾಬಿ ಎಸಳಿಗೆ ಬರಿ ನೀರನ್ನೂ ಇನ್ನೊಂದಕ್ಕೆ ಅಡುಗೆ ಸೋಡಾ ಕದಡಿದ ನೀರನ್ನೂ ತೊಟ್ಟಿಕ್ಕಿಸಿ ನೋಡಿ.

ಮುಸುಕಿನ ವಿಷಯ ಬೇರೆ. ಹೊಳಪನ್ನು ತಗ್ಗಿಸಲು ಮ್ಯಾಟ್ ಮೀಡಿಯಂನಲ್ಲಿ ನುಣ್ಣನೆಯ ಪುಡಿ ಬೆರೆಸಿರುತ್ತಾರೆ. ಪದರ ಹೆಚ್ಚಿದಷ್ಟೂ ಅದು ಬೆಳಕನ್ನು ಚದುರಿಸುತ್ತದೆ, ಗಾಢ ಬಣ್ಣದ ಮೇಲೆ ಇದು ಎದ್ದು ಕಾಣುತ್ತದೆ. ದಪ್ಪ ಪದರದೊಳಗೆ ತೇವ ಉಳಿದಿದ್ದರೂ ಹೀಗೆಯೇ ಕಾಣುವುದರಿಂದ, ಗಾಳಿಯಾಡುವ ಕಡೆ ಒಂದು ವಾರ ಬಿಟ್ಟು ಆಮೇಲೆ ತೀರ್ಮಾನಿಸಿ. ಅವಸರಕ್ಕೆ ಹೇರ್ ಡ್ರೈಯರ್ ಹಿಡಿಯಬೇಡಿ, ಮೇಲ್ಪದರ ಬಿಗಿದು ಒಳಗಿನ ನೀರು ಸಿಕ್ಕಿಹಾಕಿಕೊಳ್ಳುತ್ತದೆ.

ಪ್ರಶ್ನೆ ಕೇಳಿದವರು:
ಸೋಡಾ ನೀರು ಬಿದ್ದ ಎಸಳು ನನ್ನ ಚಂದ್ರನ ಅಂಚಿನದೇ ಬಣ್ಣಕ್ಕೆ ಬಂದಿತು. ಬರಿ ನೀರಿನದು ಕೆಂಪಾಗಿಯೇ ಉಳಿಯಿತು. ವಾರದ ನಂತರ ಮುಸುಕು ಅರ್ಧದಷ್ಟು ತಿಳಿಯಾಗಿದೆ. ಹಾಗಾದರೆ ನಿಂಬೆರಸ ಸವರಿದರೆ ಕೆಂಪು ಮರಳುವುದೇ?

ಉತ್ತರ:
ದಯವಿಟ್ಟು ಹಾಗೆ ಮಾಡಬೇಡಿ. ಎಸಳು ಈಗ ಅಕ್ರಿಲಿಕ್ ಪೊರೆಯೊಳಗಿದೆ, ರಸ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ತಲುಪಿದರೂ ಆಮ್ಲ ಉಳಿದುಬಿಟ್ಟರೆ ಕಾಗದಕ್ಕೆ ಹಾನಿ. ಇನ್ನೊಂದು ಮಾತು: ಆಂಥೋಸಯನಿನ್ ಬೆಳಕಿಗೆ ಮಾಸುವಂಥದ್ದು, ಕೆಂಪು ಮರಳಿದರೂ ಗೋಡೆಯ ಮೇಲೆ ಬಹುಕಾಲ ನಿಲ್ಲುವುದಿಲ್ಲ. ಆದ್ದರಿಂದ ಎಸಳನ್ನು ಅದರ ನರಗಳಿಗಾಗಿ, ಮಡಿಕೆಗಳಿಗಾಗಿ ಉಳಿಸಿಕೊಂಡು, ಬಣ್ಣವನ್ನು ನೀವೇ ಕೊಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಹೊಳಪಿನ ಮೀಡಿಯಂಗೆ ಕ್ವಿನಾಕ್ರಿಡೋನ್ ಮಜೆಂಟಾ ಎಂಬ, ಬೆಳಕಿಗೆ ಸುಲಭವಾಗಿ ಮಾಸದ ನೇರಳೆಗೆಂಪು ಬಣ್ಣವನ್ನು ಚೂರೇ ಚೂರು ಬೆರೆಸಿ, ತೆಳುವಾದ ಪಾರದರ್ಶಕ ಪದರಗಳಾಗಿ, ಒಂದು ಪೂರ್ತಿ ಒಣಗಿದ ಮೇಲೆ ಇನ್ನೊಂದರಂತೆ ಬಳಿಯಿರಿ. ಆಕಾಶಕ್ಕೂ ಒಂದು ಪದರ ಹೊಳಪಿನ ಮೀಡಿಯಂ ಕೊಟ್ಟರೆ ಮುಸುಕು ಸ್ವಲ್ಪ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಮುಂದಿನ ಸಲ ಒಳಪದರಗಳಿಗೆಲ್ಲ ಹೊಳಪಿನದನ್ನೇ ಬಳಸಿ, ಮ್ಯಾಟ್ ಬೇಕೆಂದರೆ ಕೊನೆಯ ಒಂದು ಕೈಗೆ ಮಾತ್ರ ಇಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರು:
ಮೂರು ತೆಳು ಪದರ ಬಳಿದೆ. ಕೆಳಗಿನ ಬೂದುನೀಲಿ ಪೂರ್ತಿ ಮುಚ್ಚಿಹೋಗದೆ, ಮಜೆಂಟಾದೊಡನೆ ಸೇರಿ ಮಾಗಿದ ನೇರಳೆಯಾಗಿದೆ, ಎಸಳಿನ ನರಗಳು ಒಂದೊಂದೂ ಕಾಣುತ್ತಿವೆ. ಬಲಗಡೆಯ ಒಂದು ಎಸಳನ್ನು ಮಾತ್ರ ನೀಲಿಯಾಗಿಯೇ ಬಿಟ್ಟಿದ್ದೇನೆ, ಆಕಾಶಕ್ಕೆ ತಾಗುವ ಅಂಚಿನಲ್ಲಿ ಅದು ಚೆನ್ನಾಗಿ ಹೊಂದಿಕೊಂಡಿದೆ. ತಮ್ಮ ನೆರವಿಗೆ ಹೃತ್ಪೂರ್ವಕ ವಂದನೆಗಳು.